ಫಜ್ ಜೊತೆ ವಾ ಪೆಡಲ್: ಕ್ರೈಬೇಬಿ, ವಾಕ್ಸ್, ಮಾರ್ಲಿ – ದನಿ ಮತ್ತು ಕಾಲಿಗೆ ಸಿಗೋ ಹಿಡಿತ

ತಂತಿಮೀಟು:
ಸಿಂಗಲ್ ಕಾಯಿಲ್ ಗಿಟಾರ್, ಅದರಿಂದ ವಾ (ಕಾಲಲ್ಲಿ ಆಡಿಸಿ ದನಿಯನ್ನ 'ವಾ-ವಾ' ಅನ್ನಿಸೋ ಪೆಡಲ್), ಆಮೇಲೆ ಜರ್ಮೇನಿಯಂ ಫಜ್ ಫೇಸ್ ಮಾದರಿಯ ಪೆಡಲ್ (ದನಿಯನ್ನ ಒಡೆದು ಗರಗರ ಮಾಡೋದು), ಕೊನೆಗೆ ಟ್ಯೂಬ್ ಆಂಪ್. ಈಗಿರೋದು ಹಳೇ ಇಟಾಲಿಯನ್ ವಾ. ಅದನ್ನ ಆಫ್ ಮಾಡಿದರೂ ಟ್ರೆಬಲ್ ಮಂಕಾಗುತ್ತೆ. ಫಜ್ ಆನ್ ಮಾಡಿದರೆ ವಾ ಸ್ವೀಪೇ (ದನಿ ಏರಿಳಿಯೋದೇ) ಇರಲ್ಲ, ಪಾದದ ತುದಿ ಒತ್ತಿದಾಗ ಕೊನೇಲಿ ಸ್ವಲ್ಪ ಕಿರುಚುತ್ತೆ ಅಷ್ಟೆ. ಡನ್‌ಲಪ್ ಕ್ರೈಬೇಬಿ ಜಿಸಿಬಿ95, ವಾಕ್ಸ್ ವಿ847, ಮಾರ್ಲಿ ಬ್ಯಾಡ್ ಹಾರ್ಸಿ – ಈ ಮೂರರಲ್ಲಿ ಒಂದಕ್ಕೆ ಬದಲಾಯಿಸಲೋ, ಇರೋದನ್ನೇ ರಿಪೇರಿ ಮಾಡಲೋ? ಮೂರರ ದನಿಯಲ್ಲಿ ನಿಜವಾದ ವ್ಯತ್ಯಾಸ ಏನು?

ಬೆಸುಗೆಹೊಗೆ:
ಮೊದಲು ದನಿ. ಕ್ರೈಬೇಬಿ ಮತ್ತು ವಾಕ್ಸ್ ಒಂದೇ ಬಳ್ಳಿಯವು. 1966ರಲ್ಲಿ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರಾಡ್ ಪ್ಲಂಕೆಟ್ ಮಾಡಿದ ಸರ್ಕ್ಯೂಟ್‌ನಿಂದಲೇ ಎರಡೂ ಬಂದಿದ್ದು. ಎರಡು ಟ್ರಾನ್ಸಿಸ್ಟರ್, ಸುಮಾರು 500 ಮಿಲಿಹೆನ್ರಿ ಇಂಡಕ್ಟರ್, 0.01 ಮೈಕ್ರೋಫ್ಯಾರಡ್ ಸ್ವೀಪ್ ಕೆಪಾಸಿಟರ್, 100ಕೆ (ಕಿಲೋಓಮ್) ಪಾಟ್, ಅಂದ್ರೆ ಪೆಡಲ್ ತಿರುಗಿಸೋ ರೆಸಿಸ್ಟರ್. ಈ ಇಂಡಕ್ಟರ್, ಕೆಪಾಸಿಟರ್ ಎರಡನ್ನೇ ಲೆಕ್ಕ ಹಾಕಿದರೆ ರೆಸೊನೆನ್ಸ್ (ದನಿ ಎದ್ದು ಕೇಳೋ ಪೀಕ್) ಸುಮಾರು 2250 ಹರ್ಟ್ಸ್. ಅದು ಟೋ ಕಡೆಯ ತುದಿ, ಅಂದ್ರೆ ಪಾದದ ತುದಿ ಪೂರ್ತಿ ಒತ್ತಿದಾಗ. ಹಿಮ್ಮಡಿ ಒತ್ತಿದಷ್ಟೂ ಪಾಟ್ ಫೀಡ್‌ಬ್ಯಾಕ್ ಹೆಚ್ಚಿಸುತ್ತೆ, ಅದೇ ಪುಟ್ಟ ಕೆಪಾಸಿಟರ್ ಹಲವು ಪಟ್ಟು ದೊಡ್ಡದಾದಂತೆ ವರ್ತಿಸುತ್ತೆ, ಪೀಕ್ 400 ಹರ್ಟ್ಸ್ ಆಸುಪಾಸಿಗೆ ಇಳಿಯುತ್ತೆ. ಹಿಮ್ಮಡಿಯಲ್ಲಿ 'ಊ', ನಡುವೆ 'ಆ', ತುದಿಯಲ್ಲಿ 'ಈ' ಕೇಳಿಸೋದು ಇದರಿಂದಲೇ.

ವ್ಯತ್ಯಾಸ ಇರೋದು ಬಿಡಿಭಾಗಗಳ ಬೆಲೆಯಲ್ಲಿ ಅಲ್ಲ, ಅವುಗಳ ಓಮ್, ಫ್ಯಾರಡ್ ಅಳತೆಯಲ್ಲಿ. ಮೊದಲ ಟ್ರಾನ್ಸಿಸ್ಟರ್‌ನ ಎಮಿಟರ್ ರೆಸಿಸ್ಟರ್ ಜಿಸಿಬಿ95ರಲ್ಲಿ 390 ಓಮ್, ವಿ847ರಲ್ಲಿ 510. ಅದಕ್ಕೇ ಕ್ರೈಬೇಬಿಯಲ್ಲಿ ಗೇನ್ ಜಾಸ್ತಿ, ಕಚ್ಚು ಜಾಸ್ತಿ. ವಾಕ್ಸ್ ಸ್ವಲ್ಪ ಮೆದು. ಇಂಡಕ್ಟರ್‌ಗೆ ಪ್ಯಾರಲಲ್ ಆಗಿರೋ 33ಕೆ ರೆಸಿಸ್ಟರ್ ಪೀಕ್‌ನ ಚೂಪು ನಿರ್ಧರಿಸುತ್ತೆ. 47ಕೆ ಅಥವಾ 68ಕೆ ಹಾಕಿದರೆ ಇನ್ನೂ ಚೂಪು, ಕಡಿಮೆ ಮಾಡಿದರೆ ಅಗಲ. ಸ್ವೀಪ್ ಕೆಪಾಸಿಟರ್ 0.015 ಮಾಡಿದರೆ ಟೋ ತುದಿ 1800 ಹರ್ಟ್ಸ್ ಸಮೀಪಕ್ಕೆ ಇಳಿಯುತ್ತೆ. ಫಜ್ ಜೊತೆ ಕಿವಿ ಚುಚ್ಚೋದು ಕಡಿಮೆ ಆಗಲು ನನ್ನ ಮೊದಲ ಆಯ್ಕೆ ಇದೇ. ಇವೆಲ್ಲ ಕೆಲವೇ ರೂಪಾಯಿಯ ಬಿಡಿಭಾಗಗಳು. ಹೆಸರು ಮಾಡಿದ ಫಾಸೆಲ್, ಹೇಲೋ ಇಂಡಕ್ಟರ್‌ಗಳ ಬೆನ್ನು ಹತ್ತೋ ಮುಂಚೆ ಇವನ್ನ ಬದಲಾಯಿಸಿ ಕೇಳಿ.

ಕಾಲುಸ್ವರ:
ಹಿಡಿತದ ಬಗ್ಗೆ ನಾನು ಸೇರಿಸ್ತೀನಿ. ಅದು ಮುಖ್ಯವಾಗಿ ಪಾಟ್‌ನ ಟೇಪರ್, ಅಂದ್ರೆ ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಾಗೋ ರೀತಿ. ವಾಕ್ಸ್‌ನ ಹಳೇ ಕ್ಲೈಡ್ ಮೆಕಾಯ್ ವಾಗಳ ಇಕಾರ್ ಪಾಟ್ ಎರಡೂ ತುದಿಯಲ್ಲಿ ನಿಧಾನ, ನಡುವೆ ವೇಗ. ಹೀಗಾಗಿ ಸ್ವರ ಹಿಮ್ಮಡಿಯಲ್ಲೂ ಟೋ ತುದಿಯಲ್ಲೂ ನಿಲ್ಲುತ್ತೆ. ಆ ಜಾಗಕ್ಕೆ ಸಾದಾ ಲೀನಿಯರ್ ಪಾಟ್ ಹಾಕಿದರೆ ವಾ ಎಲ್ಲಾ ಒಂದೇ ಕಡೆ ಗುಂಪುಗೂಡಿದ ಹಾಗೆ ಕೇಳುತ್ತೆ. ಹೊಸ ಪಾಟ್ ತರಿಸುವಾಗ ವಾ ಟೇಪರ್ ಅಂತ ಕೇಳಿಯೇ ತರಿಸಿ.

ಮಾರ್ಲಿ ಬೇರೆ ಜಾತಿ. ಅದು ಆಪ್ಟಿಕಲ್: ಪೆಡಲ್ ಬೆಳಕನ್ನ ಮರೆಮಾಡುತ್ತೆ, ಬೆಳಕಿಗೆ ಸ್ಪಂದಿಸೋ ಎಲ್‌ಡಿಆರ್‌ನ ರೆಸಿಸ್ಟೆನ್ಸ್ ಬದಲಾಗುತ್ತೆ. ಸವೆಯೋ ಪಾಟ್ ಇಲ್ಲ, ಕರಕರ ಇಲ್ಲ, ಚಲನೆ ತುಂಬಾ ನಯ. ಬ್ಯಾಡ್ ಹಾರ್ಸಿಯಲ್ಲಿ ಸ್ವಿಚ್ಚೂ ಇಲ್ಲ, ಕಾಲಿಟ್ಟರೆ ಆನ್, ತೆಗೆದರೆ ಸ್ಪ್ರಿಂಗ್ ವಾಪಸ್ ತಳ್ಳಿ ಆಫ್. ಫಂಕ್ ರಿದಮ್ ಮಧ್ಯೆ ಒಂದೆರಡು ಬಾರ್‌ಗೆ ಮಾತ್ರ ವಾ ಬೇಕಾದವರಿಗೆ ಇದಕ್ಕಿಂತ ಸುಖ ಇಲ್ಲ. ಆದರೆ ಗಿಟಾರ್ ವಾದಕ ಮೈಕೆಲ್ ಶೆಂಕರ್ ಥರ ಪೆಡಲನ್ನ ಅರ್ಧದಲ್ಲಿ ನಿಲ್ಲಿಸಿ ಸೋಲೋ ನುಡಿಸೋ ಇರಾದೆ ಇದ್ದರೆ ಕೊಳ್ಳಬೇಡಿ, ಕಾಲು ಎತ್ತೋ ಹಾಗೇ ಇಲ್ಲ.

ಬೆಸುಗೆಹೊಗೆ:
ಈಗ ಫಜ್ ತೊಂದರೆ. ಈ ಸರ್ಕ್ಯೂಟ್‌ನಲ್ಲಿ ಔಟ್‌ಪುಟ್ ತೆಗೆಯೋದೂ ಸ್ವೀಪ್ ಪಾಟ್‌ಗೆ ಫೀಡ್‌ಬ್ಯಾಕ್ ಹೋಗೋದೂ ಒಂದೇ ಬಿಂದುವಿನಿಂದ. ಅಲ್ಲಿನ ಕಲೆಕ್ಟರ್ ರೆಸಿಸ್ಟರ್ 22ಕೆ. ಫಜ್ ಫೇಸ್‌ನ ಇನ್‌ಪುಟ್ ಇಂಪಿಡೆನ್ಸ್ (ಸಿಗ್ನಲ್‌ಗೆ ಒಡ್ಡೋ ತಡೆ) ಅದಕ್ಕಿಂತ ಬಹಳ ಕಡಿಮೆ. ಫಜ್ ಆ ಬಿಂದುವನ್ನ ಅದುಮಿದಾಗ ಸದ್ದಿನ ಜೊತೆ ಫೀಡ್‌ಬ್ಯಾಕೂ ಬೀಳುತ್ತೆ, ಪೀಕ್ ಕೆಳಗೆ ಇಳಿಯೋದೇ ಇಲ್ಲ. ಹಾಗಾಗಿ ನಿಮಗೆ ಟೋ ತುದಿ ಮಾತ್ರ ಕೇಳಿಸ್ತಿದೆ.

ಪರಿಹಾರ: ವಾ ಬೋರ್ಡಿನ ಔಟ್‌ಪುಟ್‌ಗೂ ಸ್ವಿಚ್‌ಗೂ ನಡುವೆ ಬಫರ್, ಅಂದ್ರೆ ಫಜ್‌ನ ಹೊರೆ ವಾಗೆ ತಟ್ಟದ ಹಾಗೆ ತಡೆಯೋ ಪುಟ್ಟ ಸರ್ಕ್ಯೂಟ್. ಒಂದು ಜೆ201 ಅಥವಾ 2ಎನ್5457 ಜೆಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಸಾಕು. ಎರಡು 100ಕೆ ರೆಸಿಸ್ಟರ್‌ನಿಂದ 9 ವೋಲ್ಟನ್ನ ಅರ್ಧ ಮಾಡಿ, ಆ ಬಿಂದುವಿನಿಂದ ಗ್ರೌಂಡ್‌ಗೆ 10 ಮೈಕ್ರೋಫ್ಯಾರಡ್ ಹಾಕಿ, ಅಲ್ಲಿಂದಲೇ 1 ಮೆಗಾಓಮ್ ಮೂಲಕ ಗೇಟ್‌ಗೆ. ಸಿಗ್ನಲ್ 0.1 ಮೈಕ್ರೋಫ್ಯಾರಡ್ ಮೂಲಕ ಗೇಟ್‌ಗೆ, ಡ್ರೈನ್ ನೇರ 9 ವೋಲ್ಟ್‌ಗೆ, ಸೋರ್ಸ್‌ನಿಂದ 10ಕೆ ಗ್ರೌಂಡ್‌ಗೆ. ಸೋರ್ಸ್‌ನಿಂದಲೇ 10 ಮೈಕ್ರೋಫ್ಯಾರಡ್ ಮೂಲಕ ಹೊರಗೆ. ಹೊರಹೋಗೋ ತಂತಿಗೆ ಸೀರೀಸ್‌ನಲ್ಲಿ 50ಕೆ ಟ್ರಿಮ್ಮರ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸೋ ಪುಟ್ಟ ಪಾಟ್) ಇಡಿ, ಯಾಕಂದ್ರೆ ಬಫರ್‌ನ ಕಡಿಮೆ ಇಂಪಿಡೆನ್ಸ್ ನೇರ ಸಿಕ್ಕರೆ ಫಜ್ ಒರಟಾಗುತ್ತೆ. 10ಕೆ ಸುಮಾರಿನಿಂದ ಶುರು ಮಾಡಿ, ಕಿವಿಗೆ ಒಪ್ಪೋವರೆಗೆ ಏರಿಸಿ.

ಟ್ರೆಬಲ್ ಮಂಕಾಗೋದು ಹಳೇ ಸಿಂಗಲ್ ಪೋಲ್ ಸ್ವಿಚ್‌ನಿಂದ. ಆಫ್ ಇದ್ದಾಗಲೂ ವಾ ಇನ್‌ಪುಟ್ ಗಿಟಾರ್‌ಗೆ ತಗುಲಿಕೊಂಡೇ ಇರುತ್ತೆ. ಆರು ಕಾಲಿನ ಡಬಲ್ ಪೋಲ್ ಸ್ವಿಚ್ ಹಾಕಿ: ನಡುವಿನೆರಡು ಜ್ಯಾಕ್‌ಗಳಿಗೆ, ಒಂದು ಬದಿಯವು ಬೋರ್ಡ್‌ಗೆ, ಇನ್ನೊಂದು ಬದಿಯವನ್ನ ಒಂದಕ್ಕೊಂದು ಜೋಡಿಸಿ. ಬಫರ್ ಬೋರ್ಡಿನ ಬದಿಯಲ್ಲೇ ಇರೋದರಿಂದ ವಾ ಆಫ್ ಆದಾಗ ಗಿಟಾರ್ ನೇರ ಫಜ್‌ಗೆ ಹೋಗುತ್ತೆ, ವಾಲ್ಯೂಮ್ ಇಳಿಸಿದರೆ ಫಜ್ ತಿಳಿಯಾಗೋ ಗುಣ ಉಳಿಯುತ್ತೆ. ಇದೇ ಕಾರಣಕ್ಕೆ ಬದಲಾಯಿಸೋದಕ್ಕಿಂತ ರಿಪೇರಿಯೇ ಸರಿ. ಈಗಿನ ಜಿಸಿಬಿ95ರ ಬಫರ್ ಇರೋದು ಇನ್‌ಪುಟ್‌ನಲ್ಲಿ, ಫಜ್ ತೊಂದರೆ ಹಾಗೇ ಉಳಿಯುತ್ತೆ.

ತಂತಿಮೀಟು:
ತುಂಬಾ ಥ್ಯಾಂಕ್ಸ್ ಸರ್. ಫಜ್ಜನ್ನೇ ವಾ ಮುಂದೆ, ಅಂದರೆ ಗಿಟಾರ್ ಕಡೆಗೆ ಇಟ್ಟರೆ ಬಫರ್ ಇಲ್ಲದೆ ಆಗಲ್ವಾ? ಮತ್ತೆ ಪಾಟ್ ಸ್ವಲ್ಪ ಕರಕರ ಅನ್ನುತ್ತೆ.

ಕಾಲುಸ್ವರ:
ಆಗುತ್ತೆ, ಆದರೆ ದನಿ ಬೇರೆ. ವಾ ಮೊದಲಿದ್ದರೆ ಫಜ್ ಆ ಪೀಕನ್ನ ಕಚ್ಚಿ ಹಿಡಿಯುತ್ತೆ, ಮಾತಾಡೋ ಥರ ಇರುತ್ತೆ. ಫಜ್ ಮೊದಲಿದ್ದರೆ ಅದರ ಎಲ್ಲಾ ಹಾರ್ಮೋನಿಕ್ಸ್ ಮೇಲೆ ಫಿಲ್ಟರ್ ಓಡಾಡುತ್ತೆ, ಸಿಂಥ್ ಥರ, ಟೋ ತುದಿಯಲ್ಲಿ ಜೋರು.

ಕರಕರಕ್ಕೆ ಪಾಟ್‌ನ ಕಿಂಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಕೆಲವು ಸಲ ಪೂರ್ತಿ ಆಡಿಸಿ. ಆದರೂ ಹೋಗದಿದ್ದರೆ ಪಾಟ್‌ನ ಮೇಲ್ತುದಿಯಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. ಸೊನ್ನೆ ಇರಬೇಕು. ಇಲ್ಲದಿದ್ದರೆ ಪಾಟ್‌ಗೆ ಹೋಗೋ 0.22 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೋರುತ್ತಿದೆ, ಅದನ್ನ ಬದಲಾಯಿಸಿ.

ಬಿಚ್ಚಿದಾಗ ಒಂದು ಎಚ್ಚರ: ಪಾಟ್ ತಿರುಗಿಸೋ ಹಲ್ಲುಪಟ್ಟಿಯನ್ನ ಪಾಟ್‌ನ ಗೇರ್‌ನಿಂದ ಸರಿಸಿದರೆ ಅದರ ಜಾಗ ಮೊದಲೇ ಗುರುತು ಹಾಕ್ಕೊಳ್ಳಿ. ಒಂದು ಹಲ್ಲು ಆಚೀಚೆ ಆದರೂ ಸ್ವೀಪ್ ಬದಲಾಗುತ್ತೆ. ಪೆಡಲ್ ನೆಲ ಮುಟ್ಟೋ ಮುಂಚೆ ಪಾಟ್ ಕೊನೆ ಮುಟ್ಟಿದರೆ ಒಳಗಿನ ತಡೆ ಮುರಿಯುತ್ತೆ.

ಬೆಸುಗೆಹೊಗೆ:
ನಿಮ್ಮ ಫಜ್ ಪಿಎನ್‌ಪಿ ಟ್ರಾನ್ಸಿಸ್ಟರ್‌ನದ್ದು, ಪಾಸಿಟಿವ್ ಗ್ರೌಂಡ್ ಆಗಿದ್ದರೆ ವಾ ಜೊತೆ ಒಂದೇ ಅಡಾಪ್ಟರ್‌ನಿಂದ ಕವಲು ತೆಗೆದು ಕೊಡಬೇಡಿ, ಸಪ್ಲೈ ನೇರ ಶಾರ್ಟ್ ಆಗುತ್ತೆ. ಫಜ್‌ಗೆ ಬ್ಯಾಟರಿಯೋ ಐಸೊಲೇಟೆಡ್ (ಬೇರೆಯವುಗಳ ಜೊತೆ ಗ್ರೌಂಡ್ ಸೇರದ) ಔಟ್‌ಪುಟ್ಟೋ ಬೇಕು.