ಬಿರುಗಾಳಿಗೆ ತೊಗಟೆ ಸೀಳಿದ ಮರ: ಗಾಯಕ್ಕೆ ಡಾಂಬರು ಬಳಿಯಬೇಕೇ?

ವಸಂತ: ಬಿರುಗಾಳಿಗೆ ದೊಡ್ಡ ಕೊಂಬೆಯೊಂದು ಮುರಿದು ಬೀಳುವಾಗ ಕಾಂಡದ ತೊಗಟೆಯನ್ನೂ ಮೊಳದುದ್ದ ಕಿತ್ತುಕೊಂಡು ಹೋಗಿದ್ದು, ಒಳಗಿನ ಬಿಳಿ ಮರ ಕಾಣುತ್ತಿದೆ. ಡಾಂಬರು ಬಳಿಯದಿದ್ದರೆ ಕೊಳೆಯುತ್ತದೆ ಎಂದು ಕೆಲವರು, ಬಳಿಯಲೇಬಾರದು ಎಂದು ಕೆಲವರು ಹೇಳುತ್ತಿದ್ದಾರೆ. ಬಲ್ಲವರು ಕಾರಣಸಹಿತ ತಿಳಿಸಬೇಕಾಗಿ ವಿನಂತಿ.

ರಾಘವೇಂದ್ರ: ಬಳಿಯಬೇಡಿ. ಪ್ರಾಣಿಗಳ ಗಾಯ ಮಾಯುವ ರೀತಿಯಲ್ಲಿ ಮರದ ಗಾಯ ಮಾಯುವುದಿಲ್ಲ. ಹಾಳಾದ ಭಾಗವನ್ನು ಸರಿಪಡಿಸಲಾರದ ಮರವು ಅದರ ಸುತ್ತ ತಡೆಗೋಡೆ ಕಟ್ಟಿ, ಅದನ್ನು ಒಳಗೇ ಬಿಟ್ಟು, ಹೊರಗೆ ಹೊಸದಾಗಿ ಬೆಳೆಯುತ್ತದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಅಸಂಖ್ಯ ಮರಗಳನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿ, 1977ರಲ್ಲಿ ಪ್ರಕಟವಾದ ಪುಸ್ತಿಕೆಯಲ್ಲಿ ಇಂಥ ನಾಲ್ಕು ಗೋಡೆಗಳನ್ನು ವಿವರಿಸಿದರು. ನೀರು ಸಾಗಿಸುವ ನಾಳಗಳನ್ನು ಗಾಯದ ಮೇಲೆ, ಕೆಳಗೆ ಮುಚ್ಚುವ ಮೊದಲನೆಯದು ಎಲ್ಲಕ್ಕಿಂತ ದುರ್ಬಲ. ಕೊಳೆತ ಅಡ್ಡಕ್ಕಿಂತ ಉದ್ದಕ್ಕೆ ಹೆಚ್ಚು ಹರಡುವುದು ಅದಕ್ಕೇ. ಎರಡನೆಯದು ಒಳಮುಖವಾಗಿ, ಮೂರನೆಯದು ಅಕ್ಕಪಕ್ಕಕ್ಕೆ ತಡೆಯುತ್ತವೆ. ನಾಲ್ಕನೆಯದನ್ನು ಗಾಯವಾದ ಮೇಲೆ ತೊಗಟೆಯ ಕೆಳಗಿನ ಕ್ಯಾಂಬಿಯಂ ಪದರ ಕಟ್ಟುತ್ತದೆ. ಕಾಂಡದ ಹಳೆಯ ಒಳಭಾಗ ಪೂರ್ತಿ ಕೊಳೆತರೂ ಆಮೇಲೆ ಅದರ ಹೊರಗೆ ಬೆಳೆದ ಭಾಗಕ್ಕೆ ಕೊಳೆತ ದಾಟದಂತೆ ನೋಡಿಕೊಳ್ಳುವುದು ಇದೇ. ಡಾಂಬರು ಈ ಯಾವ ಗೋಡೆಗೂ ಬಲ ಕೊಡುವುದಿಲ್ಲ. ಬದಲಾಗಿ, ತೇವವನ್ನು ಹಿಡಿದಿಟ್ಟು ಶಿಲೀಂಧ್ರಕ್ಕೇ ಅನುಕೂಲವಾಗಬಹುದು.

ನಾಗವೇಣಿ: ರಾಘವೇಂದ್ರ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ಅಪವಾದವಿದೆ. ಓಕ್ ಮರಗಳಿಗೆ ಬರುವ ಸೊರಗು ರೋಗದ ಶಿಲೀಂಧ್ರವನ್ನು ಹಸಿ ಗಾಯದ ರಸಕ್ಕೆ ಮುತ್ತುವ ಜೀರುಂಡೆಗಳು ಹೊತ್ತು ತರುತ್ತವೆ. ಆ ರೋಗವಿರುವ ಕಡೆಗಳಲ್ಲಿ ಗಾಯವಾದ ಕೂಡಲೇ ಬಣ್ಣ ಬಳಿಯಬೇಕೆಂದೇ ತಜ್ಞರು ಹೇಳುತ್ತಾರೆ. ಅಲ್ಲಿ ಬಣ್ಣದ ಕೆಲಸ ಕೀಟವನ್ನು ದೂರವಿಡುವುದು ಮಾತ್ರ.

ಶ್ರೀನಿವಾಸ: ಗಾಯದ ಅಂಚಿನಿಂದ ಉಬ್ಬಿಕೊಂಡು ಬರುವ ದಪ್ಪ ಅಂಗಾಂಶ ಕೆಲವು ವರ್ಷಗಳಲ್ಲಿ ಗಾಯವನ್ನು ಪೂರ್ತಿ ಮುಚ್ಚಿರುವುದನ್ನು ಎಲ್ಲರೂ ನೋಡಿದ್ದೇವೆ. ಹಾಗಿದ್ದ ಮೇಲೆ ಮರ ಗುಣವಾಗುವುದಿಲ್ಲ ಎನ್ನುವುದು ಅತಿಯಾಯಿತಲ್ಲವೇ?

ರಾಘವೇಂದ್ರ: ಮುಚ್ಚುವುದೇ ಬೇರೆ, ಕೊಳೆತವನ್ನು ತಡೆಯುವುದೇ ಬೇರೆ. ಹೊರಗಿನಿಂದ ಚೆನ್ನಾಗಿ ಮುಚ್ಚಿಕೊಂಡ ಕಾಂಡದ ಒಳಗೆ ಪೊಟರೆ ಇರಬಹುದು. ಅಷ್ಟೇ ಅಲ್ಲ, ನಾಲ್ಕನೆಯ ಗೋಡೆ ರಾಸಾಯನಿಕವಾಗಿ ಗಟ್ಟಿಯಾದರೂ ಭಾರ ಹೊರುವ ವಿಷಯದಲ್ಲಿ ದುರ್ಬಲ. ಎಷ್ಟೋ ವರ್ಷಗಳ ಮೇಲೆ ಮರ ಬೆಳವಣಿಗೆಯ ಉಂಗುರದ ಗುಂಟ ಬಿರುಕು ಬಿಡುವುದು ಸಾಮಾನ್ಯವಾಗಿ ಇದೇ ಪದರದಲ್ಲಿ. ಪೊಟರೆಯಲ್ಲಿ ನಿಂತ ನೀರು ಹೊರಹೋಗಲೆಂದು ತೂತು ಕೊರೆಯುವವರು ಮರ ಕಟ್ಟಿಕೊಂಡ ಈ ಗೋಡೆಯನ್ನೇ ಒಡೆದು ಕೊಳೆತಕ್ಕೆ ದಾರಿ ಮಾಡಿಕೊಡುತ್ತಾರೆ. ಸಿಮೆಂಟು ತುಂಬುವುದೂ ಅಷ್ಟೇ ವ್ಯರ್ಥ.

ನಾಗವೇಣಿ: ವಸಂತ ಅವರೇ, ಈಗ ಮಾಡಬೇಕಾದದ್ದನ್ನು ಹೇಳುತ್ತೇನೆ. ಜೋತಾಡುವ ತೊಗಟೆಯ ಒಳಮೈ ಇನ್ನೂ ಹಸಿಯಾಗಿದ್ದರೆ ಅದನ್ನು ಇದ್ದ ಜಾಗಕ್ಕೇ ಒತ್ತಿ, ಸಣ್ಣ ಮೊಳೆ ಹೊಡೆದು, ಒಣಗದಂತೆ ಒದ್ದೆ ಬಟ್ಟೆ ಮುಚ್ಚಿ. ಕೆಲವೊಮ್ಮೆ ಅದು ಕೂಡಿಕೊಳ್ಳುತ್ತದೆ. ಒಣಗಿದ್ದರೆ ಸಡಿಲವಾದಷ್ಟನ್ನೇ ಹರಿತವಾದ ಚಾಕುವಿನಿಂದ ತೆಗೆಯಿರಿ. ಗಾಯಕ್ಕೆ ಅಂದವಾದ ಆಕಾರ ಕೊಡಲು ಜೀವಂತ ತೊಗಟೆಯನ್ನು ಕತ್ತರಿಸುವುದು ಹಿಂದೆ ರೂಢಿಯಲ್ಲಿತ್ತು, ಅದರಿಂದ ಗಾಯ ದೊಡ್ಡದಾಗುವುದಷ್ಟೇ. ಮುರಿದ ಮೋಟನ್ನು ಕೊಂಬೆಯ ಬುಡದಲ್ಲಿರುವ ಉಬ್ಬಿನ ಹೊರಗೆ ಕತ್ತರಿಸಬೇಕು, ಏಕೆಂದರೆ ರಕ್ಷಣೆಯ ಅಂಗಾಂಶವಿರುವುದು ಆ ಉಬ್ಬಿನಲ್ಲಿಯೇ.

ಶ್ರೀನಿವಾಸ: ಸಮತೋಲಕ್ಕಾಗಿ ಇನ್ನೊಂದು ಬದಿಯ ಕೊಂಬೆಗಳನ್ನೂ ಕಡಿಯಬೇಕಲ್ಲವೇ?

ನಾಗವೇಣಿ: ಬೇಡ. ಗೋಡೆ ಕಟ್ಟಲು ಬೇಕಾದ ಶಕ್ತಿ ಬರುವುದು ಎಲೆಗಳಿಂದ ಮತ್ತು ಜೀವಂತ ಮರದಲ್ಲಿ ಕೂಡಿಟ್ಟ ಪಿಷ್ಟದಿಂದ. ಅದಲ್ಲದೆ, ತಲೆ ಕಡಿದ ಮರದಲ್ಲಿ ಗುಂಪಾಗಿ ಚಿಗುರುವ ಕೊಂಬೆಗಳ ಹಿಡಿತ ಸಡಿಲವಾಗಿದ್ದು, ಮುಂದಿನ ಗಾಳಿಗೆ ಅವೇ ಮೊದಲು ಮುರಿಯುತ್ತವೆ. ಆದರೆ ಕಾಂಡವೇ ಸೀಳಿದ್ದರೆ ಅಥವಾ ಬೇರಿನ ಬಳಿ ಮಣ್ಣು ಮೇಲೆದ್ದಿದ್ದರೆ ಗಾಯದ ಆರೈಕೆಗೆ ಮೊದಲು, ಆ ಮರದ ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಂಡು, ಮರವನ್ನು ಬಲ್ಲವರಿಗೆ ತೋರಿಸಿ.