ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡಿಗೆ ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಏನೇನು ಬದಲಿಸಬೇಕು?

ಹಳೇಬೋರ್ಡ್:
ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು 3200 ರ‍್ಯಾಮ್. ಹೊಸದಾಗಿ ಆರ್‌ಎಕ್ಸ್ 6600 ಹಾಕಿದ್ದೇನೆ. ಗೇಮ್‌ನಲ್ಲಿ ಜನ, ಗಾಡಿ ಜಾಸ್ತಿ ಇರುವ ಕಡೆ ಹೋದರೆ ತಡವರಿಸುತ್ತದೆ, ಆಗ ಕಾರ್ಡ್ ಬಳಕೆ ಶೇ. 60 ಕೂಡ ದಾಟಲ್ಲ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್‌ನಲ್ಲಿ ಎಕ್ಸ್8 3.0 ಅಂತ ಬರುತ್ತಿದೆ, ಎಕ್ಸ್16 ಇರಬೇಕಲ್ವಾ? ರಿಸೈಜಬಲ್ ಬಾರ್ (ಪ್ರೊಸೆಸರ್‌ಗೆ ಕಾರ್ಡಿನ ಮೆಮೊರಿ ಪೂರ್ತಿ ಸಿಗುವಂತೆ ಮಾಡುವ ಆಯ್ಕೆ) ಕೂಡ ಆಫ್ ಇದೆ. ಅದಕ್ಕೆ ಅಂತ ಸಿಎಸ್‌ಎಂ (ಹಳೆಯ ರೀತಿಯಲ್ಲಿ ಬೂಟ್ ಆಗಲು ಬಿಡುವ ಬಯೋಸ್ ಆಯ್ಕೆ) ಆಫ್ ಮಾಡಿದರೆ ವಿಂಡೋಸ್ 10 ಬೂಟೇ ಆಗಲ್ಲ, ವಾಪಸ್ ಆನ್ ಮಾಡಿದರೆ ಬರುತ್ತದೆ. ಫಾರ್ಮ್ಯಾಟ್ ಮಾಡದೆ ದಾರಿ ಇದೆಯಾ?

ಪಿಕ್ಸೆಲ್‌ಪುಟ್ಟ:
ಎಕ್ಸ್8 ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆ ಕಾರ್ಡಿಗೆ ಇರುವುದೇ 8 ಲೇನ್ (ಬೋರ್ಡಿನ ಜೊತೆ ಡೇಟಾ ಸಾಗುವ ದಾರಿ). 3.0 ಅನ್ನುವುದು ಆ ಸಂಪರ್ಕದ ತಲೆಮಾರು; ಕಾರ್ಡ್ 4.0 ಆದರೂ ಬಿ450 ಕೊಡುವುದು 3.0 ಮಾತ್ರ, ಬಯೋಸ್‌ನಲ್ಲಿ ಏನು ಒತ್ತಿದರೂ ಅದು ಬದಲಾಗಲ್ಲ.

ಕಾರ್ಡ್ ಪೂರ್ತಿ ಕೆಲಸ ಮಾಡುತ್ತಿಲ್ಲ ಅಂದರೆ ಪ್ರೊಸೆಸರ್ ಕಡೆಯಿಂದ ಕೆಲಸ ಬರುವುದು ತಡವಾಗುತ್ತಿದೆ ಅಂತ. ಮೊದಲು ರ‍್ಯಾಮ್ ನೋಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಸ್ಪೀಡ್ 2133 ಅಥವಾ 2400 ತೋರಿಸಿದರೆ ಎಕ್ಸ್‌ಎಂಪಿ, ಅಂದರೆ ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಬಯೋಸ್ ಆಯ್ಕೆ, ಆನ್ ಆಗಿಲ್ಲ (ಕೆಲವು ಬೋರ್ಡ್‌ಗಳಲ್ಲಿ ಡಿಓಸಿಪಿ ಅಂತ ಇರುತ್ತದೆ). ಡಬ್ಬದ ಮೇಲೆ 3200 ಇದ್ದರೂ ನಾವು ಆನ್ ಮಾಡುವ ತನಕ ಅದು ನಿಧಾನಕ್ಕೇ ಓಡುತ್ತದೆ. ರೈಜೆನ್‌ನಲ್ಲಿ ಚಿಪ್ಪಿನ ಒಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಕೂಡ ರ‍್ಯಾಮ್ ವೇಗಕ್ಕೇ ಹೊಂದಿಕೊಳ್ಳುವುದರಿಂದ ಎರಡು ಕಡೆ ಹೊಡೆತ. ನಾಲ್ಕು ಸ್ಲಾಟ್ ಇದ್ದರೆ ಎರಡು ಕಡ್ಡಿಗಳೂ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೇ ಸ್ಲಾಟ್‌ನಲ್ಲಿ ಇವೆಯಾ ನೋಡಿ.

ಬೂಟ್‌ಬಸವ:
ಬೂಟ್ ಆಗದಿರಲು ಕಾರಣ ಡಿಸ್ಕ್. ಹಳೆಯ ಇನ್‌ಸ್ಟಾಲ್ ಎಂಬಿಆರ್ (ಡಿಸ್ಕನ್ನು ಭಾಗ ಮಾಡುವ ಹಳೆಯ ವಿಧಾನ) ಡಿಸ್ಕ್ ಮೇಲಿದೆ ಅನಿಸುತ್ತದೆ, ಸಿಎಸ್‌ಎಂ ಇಲ್ಲದೆ ಬೂಟ್ ಆಗಲು ಹೊಸ ವಿಧಾನವಾದ ಜಿಪಿಟಿ ಬೇಕು. ಫಾರ್ಮ್ಯಾಟ್ ಬೇಡ. ವಿಂಡೋಸ್ 10ರ 1703ರಿಂದ ಮುಂದಿನ ಆವೃತ್ತಿಗಳಲ್ಲಿ ಎಂಬಿಆರ್2ಜಿಪಿಟಿ ಅಂತ ಟೂಲ್ ಇದೆ, ಫೈಲ್ ಅಳಿಸದೆ ಬದಲಿಸುತ್ತದೆ. ಆದರೂ ಬ್ಯಾಕಪ್ ತೆಗೆದುಕೊಳ್ಳದೆ ಕೈ ಹಾಕಬೇಡಿ, ಬಿಟ್‌ಲಾಕರ್ (ಡಿಸ್ಕ್ ಲಾಕ್ ಮಾಡುವ ವಿಂಡೋಸ್ ಸೌಲಭ್ಯ) ಇದ್ದರೆ ಸಸ್ಪೆಂಡ್ ಮಾಡಿ, ಮತ್ತೆ ಮೊದಲು ವ್ಯಾಲಿಡೇಟ್ ಆಯ್ಕೆಯಲ್ಲಿ ಓಡಿಸಿ ನೋಡಿ, ಡಿಸ್ಕಿನಲ್ಲಿ ಮೂರಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಷನ್ ಇದ್ದರೆ ಅಲ್ಲೇ ಬೇಡ ಅನ್ನುತ್ತದೆ.

ಅದಾದ ಮೇಲೆ ಸಿಎಸ್‌ಎಂ ಆಫ್, ಅಬೋವ್ 4ಜಿ ಡಿಕೋಡಿಂಗ್ (ಬಾರ್‌ಗೆ ಮೊದಲು ಬೇಕಾದ ಬಯೋಸ್ ಆಯ್ಕೆ) ಆನ್, ಆಮೇಲೆ ರಿಸೈಜಬಲ್ ಬಾರ್ ಆನ್. ಎಷ್ಟೋ ಬೋರ್ಡ್‌ಗಳಲ್ಲಿ ಮೊದಲಿನವು ಸರಿಯಾಗುವ ತನಕ ಕೊನೆಯದು ಕಾಣಿಸುವುದೇ ಇಲ್ಲ.

ಹಳೇಬೋರ್ಡ್:
ರ‍್ಯಾಮ್ 2400ರಲ್ಲಿತ್ತು! ಎಕ್ಸ್‌ಎಂಪಿ ಆನ್ ಮಾಡಿದೆ, ಈಗ 3200. ತಡವರಿಸುವುದು ಕಡಿಮೆಯಾಗಿದೆ. ಇಷ್ಟಾದ ಮೇಲೂ ಬಾರ್ ಆನ್ ಮಾಡುವುದಕ್ಕೆ ಅಷ್ಟೆಲ್ಲ ಒದ್ದಾಡಬೇಕಾ?

ಪಿಕ್ಸೆಲ್‌ಪುಟ್ಟ:
ಪುಕ್ಕಟೆ ಸಿಗುವುದನ್ನು ಯಾಕೆ ಬಿಡ್ತೀರಿ? ಸಾಮಾನ್ಯವಾಗಿ ಪ್ರೊಸೆಸರ್‌ಗೆ ಕಾರ್ಡಿನ ಮೆಮೊರಿ 256 ಎಂಬಿ ಕಿಟಕಿಯಲ್ಲಿ ಮಾತ್ರ ಕಾಣುತ್ತದೆ, ಬಾರ್ ಆನ್ ಮಾಡಿದರೆ ಪೂರ್ತಿ 8 ಜಿಬಿ ಒಟ್ಟಿಗೆ ಸಿಗುತ್ತದೆ. ಕೆಲವು ಗೇಮ್‌ಗಳಲ್ಲಿ ಚೆನ್ನಾಗಿ ಗೊತ್ತಾಗುತ್ತದೆ, ಕೆಲವದರಲ್ಲಿ ಏನೂ ಇಲ್ಲ. ದುಪ್ಪಟ್ಟು ಫ್ರೇಮ್ ಅಂತ ಹೇಳುವ ವಿಡಿಯೋಗಳನ್ನು ನಂಬಬೇಡಿ.

ಬೂಟ್‌ಬಸವ:
ಹೌದು, ಆದರೆ ಅವಸರ ಇಲ್ಲ, ಬ್ಯಾಕಪ್‌ಗೆ ಡಿಸ್ಕ್ ಸಿಕ್ಕಾಗ ಮಾಡಿ. ಬಯೋಸ್‌ನಲ್ಲಿ ಆ ಆಯ್ಕೆ ಇಲ್ಲವೇ ಇಲ್ಲ ಅಂದರೆ ಮಾತ್ರ ಬಯೋಸ್ ಅಪ್‌ಡೇಟ್ ಮಾಡಿ, ಅದೂ ಯುಪಿಎಸ್ ಇಟ್ಟುಕೊಂಡು. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡೇ ಕೈಕೊಡಬಹುದು. ಅಪ್‌ಡೇಟ್ ಆದ ಮೇಲೆ ಎಕ್ಸ್‌ಎಂಪಿ ಮತ್ತೆ ಆಫ್ ಆಗಿರುತ್ತದೆ, ನೋಡಿಕೊಳ್ಳಿ.