ಅಪ್‌ಡೇಟ್: ರೊಮ್ಯಾಂಟಿಕ್ ಸಾಹಿತ್ಯದ ನಮ್ಮ ವಿಮರ್ಶಾ ಪತ್ರಿಕೆಗೆ ಡಿಒಐ ಸಿಕ್ಕಿತು

ಧಾರವಾಡದಿಂದ ನಾವು ನಾಲ್ಕೈದು ಜನ ನಡೆಸುವ ಉಚಿತ ಆನ್‌ಲೈನ್ ಪತ್ರಿಕೆಯ ಬಗ್ಗೆ ಕೇಳಿದ್ದೆ, ನೆನಪಿದೆಯಾ? ಕೈಯಲ್ಲಿ ದುಡ್ಡಿಲ್ಲ, ಪ್ರತಿ ವಿಮರ್ಶೆಗೂ ಡಿಒಐ (ಆನ್‌ಲೈನ್ ಬರಹಕ್ಕೆ ಕೊಡುವ ಶಾಶ್ವತ ಗುರುತಿನ ಸಂಖ್ಯೆ) ಬೇಕು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಪಿಡಿಎಫ್‌ಗಳು ಹುಡುಕಿದರೆ ಸಿಗುತ್ತಿಲ್ಲ ಅಂತ.

ಝೆನೋಡೋ ನೋಡಿ ಅಂದವರಿಗೆ ದೊಡ್ಡ ನಮಸ್ಕಾರ. ಅದು ಯುರೋಪಿನ ಭೌತಶಾಸ್ತ್ರ ಸಂಶೋಧನಾ ಸಂಸ್ಥೆ ಸರ್ನ್ ನಡೆಸುವ, ಬರಹಗಳನ್ನು ಸಂಗ್ರಹಿಸಿಡುವ ತಾಣ, ಡಿಒಐ ಪುಕ್ಕಟೆ. ಡಿಒಐ ಕೊಡುವ ಇನ್ನೊಂದು ಸಂಸ್ಥೆ ಕ್ರಾಸ್‌ರೆಫ್ ಒಳ್ಳೆಯದೇ, ಆದರೆ ವರ್ಷವರ್ಷ ಸದಸ್ಯತ್ವ ಶುಲ್ಕ ಕಟ್ಟಬೇಕು, ನಮಗೆ ಆಗಲಿಲ್ಲ. ಲೇಖಕರಿಂದ ಹಣ ತಗೊಳ್ಳಿ ಅನ್ನುವ ಸಲಹೆ ಯಾರಿಗೂ ಹಿಡಿಸಲಿಲ್ಲ. ಪುಸ್ತಕ ಓದಿ ಬರೆದುಕೊಡುವವರ ಹತ್ತಿರವೇ ದುಡ್ಡು ಕೇಳೋದಾ?

ಒಂದು ವಿಷಯ ಗಮನಿಸಿ. ಝೆನೋಡೋದಲ್ಲಿ ಪ್ರಕಟಿಸಿದ ಮೇಲೆ ಕಡತ ತಿದ್ದಬೇಕಾದರೆ ಸಾಮಾನ್ಯವಾಗಿ ಹೊಸ ಆವೃತ್ತಿ ಹಾಕಬೇಕು, ಅದಕ್ಕೆ ಬೇರೆ ಡಿಒಐ ಬರುತ್ತದೆ. ಎಲ್ಲ ಆವೃತ್ತಿಗೂ ಸೇರಿ ಇನ್ನೊಂದು ಡಿಒಐ ಇರುತ್ತದೆ, ಅದು ಯಾವಾಗಲೂ ಇತ್ತೀಚಿನದಕ್ಕೇ ಒಯ್ಯುತ್ತದೆ.

ಹುಡುಕಿದರೆ ಸಿಗಲಿ ಅಂತ ಹಳೆಯ ಲೇಖನಗಳನ್ನು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳಲ್ಲೂ ನಡೆಯುವ ಅಕ್ಷರ ಸಂಕೇತ ಪದ್ಧತಿ) ಬದಲಿಸಿದೆವು. ಪರಿವರ್ತಕ ಮುಕ್ಕಾಲು ಕೆಲಸ ಮಾಡಿತು. ಅರ್ಕಾವತ್ತು ಇದ್ದ ಕಡೆ ಕಣ್ಣಿಟ್ಟು ತಿದ್ದಬೇಕಾಯಿತು. ಆಶ್ಚರ್ಯ ಅಂದರೆ, ಆಮೇಲೂ ಇಂಗ್ಲಿಷ್ ಕವಿ ವರ್ಡ್ಸ್‌ವರ್ತ್ ಹುಡುಕಿದರೆ ಸಿಗುತ್ತಿರಲಿಲ್ಲ! ಒತ್ತಕ್ಷರ ಆಗದಂತೆ ತಡೆಯಲು ಆ ಹೆಸರಿನ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರಚಿಹ್ನೆ ಇರುತ್ತದೆ. ಹುಡುಕುವವರು ಅದನ್ನು ಟೈಪ್ ಮಾಡುವುದಿಲ್ಲ, ಅಲ್ವಾ? ಈಗ ಕೀವರ್ಡ್ ಜಾಗದಲ್ಲಿ ಆ ಚಿಹ್ನೆ ಇರುವ, ಇಲ್ಲದ ಎರಡೂ ರೂಪ, ಜೊತೆಗೆ ಇಂಗ್ಲಿಷ್ ಕಾಗುಣಿತ ಹಾಕುತ್ತಿದ್ದೇವೆ. ಸಿಗುತ್ತಿದೆ.

ಪತ್ರಿಕೆಗೆ ಕೊಡುವ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್‌ಗೆ ಭಾರತದಲ್ಲಿ ಶುಲ್ಕ ಇಲ್ಲ. ಮುದ್ರಿತ ಪ್ರತಿಯನ್ನೂ ತರುವವರು ಅದಕ್ಕೆ ಬೇರೆಯೇ ಸಂಖ್ಯೆ ಪಡೆಯಬೇಕು.